ಕರಿ ಜಾಕೀಟಿನ ಮೇಲೆ ಬಿಳಿ ಎಲುಬು

ಕರಿ ಬಟ್ಟೆಯ ಮೇಲೆ ಕರಿ ದಾರದಲ್ಲಿ ಹೊಲಿಗೆ ಹಾಕುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹಗಲು ಬೆಳಕಿನಲ್ಲೇ ಹೊಲಿಯಿರಿ, ಮಡಿಲಲ್ಲಿ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ, ಹೊಲಿಯುವಾಗ ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡಿ. ಕೊನೆಯ ಮಾತನ್ನು ನಾನು ಒಂದು ದಿನವೂ ಪಾಲಿಸಲಿಲ್ಲ. ಆದರೂ ನನ್ನ ಹೊಲಿಗೆ ಸೊಟ್ಟಾಗಲಿಲ್ಲ, ಅದು ಬೇರೆ ಮಾತು.

ನಾನು ಕಸ್ತೂರಿ. ಸಾಂಗಲಿ ಜಿಲ್ಲೆಯ ಜತ್ತದ ಪೇಟೆಯಲ್ಲಿ ಬ್ಯಾಂಡಿನವರ ಡ್ರೆಸ್ಸು ಹೊಲಿದು ಬದುಕಿದವಳು. ಈಗ ಕಣ್ಣು ಸೂಜಿಯ ತೂತನ್ನು ಹುಡುಕಲಾರವು, ಅದಕ್ಕೇ ಅಂಗಡಿಯನ್ನು ನನ್ನ ಶಿಷ್ಯೆಗೆ ಒಪ್ಪಿಸಿ ಮನೆಯಲ್ಲಿ ಕುಳಿತಿದ್ದೇನೆ. ಅಂದರೆ ಕೂತಿರಲು ಬಿಟ್ಟರೆ ತಾನೇ? ಹೊಲಿಗೆ ಕಲಿಯುವ ಹುಡುಗಿಯರು ದಿನಾ ಬಾಗಿಲಿಗೆ ಬರುತ್ತಾರೆ, ಎಲ್ಲರದೂ ಒಂದೇ ಪ್ರಶ್ನೆ. "ಕಾಕು, ಆ ಎಲುಬಿನ ಜಾಕೀಟ ಹ್ಯಾಂಗ ಹೊಲದ್ರಿ?" ಈಗ ಅದನ್ನು ರೆಡಿಮೇಡ್ ಅಂಗಡಿಯವರು ದೀಪಾವಳಿಗೆ ಸಾಲಾಗಿ ತೂಗುಹಾಕುತ್ತಾರೆ. ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನವನು ಬೆಳಗಾದರೆ ಆ ಜಾಕೀಟು ತೊಟ್ಟವರ ಕತ್ತಲೆ ಹಾಡನ್ನೇ ಹಚ್ಚುತ್ತಾನೆ. ಮದುವೆಯ ವರಾತಿನ ಮೆರವಣಿಗೆಯಲ್ಲಿ ಕೆಂಪು ಕೋಟಿನ ಬ್ಯಾಂಡಿನವರು ಕಹಳೆಯಲ್ಲಿ ಅದನ್ನೇ ಊದುತ್ತಾರೆ. ಈ ಊರಲ್ಲಿ ವರಾತಿನಲ್ಲಿ ಊದಿದ ಹಾಡು ಗೆದ್ದ ಹಾಡು, ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಗೊತ್ತಿಲ್ಲ. ಆ ಮೊದಲ ಜಾಕೀಟುಗಳನ್ನು ಕತ್ತರಿಸಿದ್ದು ಈ ಕೈ.

ನನಗೆ ಕಸುಬು ಕಲಿಸಿದವರು ಮೌಲಾ ಮಾಸ್ತರರು. ಹೆಣ್ಣುಮಗಳು ಗಂಡಸರ ಅಳತೆ ತೆಗೆಯುವುದೇ ಎಂದು ಪೇಟೆ ಮಂದಿ ಮೂಗು ಮುರಿದಾಗ ಮಾಸ್ತರರು ತಲೆ ಎತ್ತದೆಯೇ, "ಟೇಪಿಗಿ ಗಂಡು ಹೆಣ್ಣು ಗೊತ್ತಿಲ್ರಿ, ನಿಮಗ್ಯಾಕ ಅದರ ಚಿಂತಿ" ಎಂದಿದ್ದರು. ಬಯ್ಯುವುದರಲ್ಲೂ ಅವರು ಹಾಗೆಯೇ. ಒಂದು ಕಾಜು ದೊಡ್ಡದಾದರೆ ಸಾಕು, "ಇದರಾಗ ಗುಂಡಿ ಹಾಕ್ತೀಯೋ, ಎಮ್ಮಿ ಹಾಯಿಸ್ತೀಯೋ?" ಎನ್ನುವರು. ನಾನೂ ಸುಮ್ಮನಿರುವವಳಲ್ಲ. "ಎಮ್ಮಿ ಕೊಡಸ್ರಿ, ಹಾಯಿಸಿ ತೋರಸ್ತೀನಿ" ಎನ್ನುತ್ತಿದ್ದೆ. ನಕ್ಕು ಕಾಜು ಬಿಚ್ಚಿಸುತ್ತಿದ್ದರು.

ಅವರು ಕಲಿಸಿದ್ದರಲ್ಲಿ ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ವಾದ್ಯದವರ ಅಳತೆಯನ್ನು ಸುಮ್ಮನೆ ನಿಲ್ಲಿಸಿ ತೆಗೆಯಬಾರದು. ಕಹಳೆಯವನು ಉಸಿರು ತುಂಬಿದಾಗ ಎದೆ ಎಷ್ಟು ಅಗಲವಾಗುತ್ತದೆ, ಡೋಲಿನವನು ಕೋಲು ಎತ್ತಿದಾಗ ಕಂಕುಳು ಎಷ್ಟು ಎಳೆಯುತ್ತದೆ, ಅದೇ ನಿಜವಾದ ಅಳತೆ. ಮಾಸ್ತರರು ಅಂಗಡಿಯೊಳಗೇ ಬಾರಿಸಲು ಹಚ್ಚುತ್ತಿದ್ದರು. ಬಾಜೂ ಅಂಗಡಿಯ ಕಿರಾಣಿಯವನು ಕಿವಿ ಮುಚ್ಚಿಕೊಂಡು ಬಂದು ನಿಂತರೆ, "ಅಳತಿ ನಡದೈತಿ" ಎಂದು ಕಳಿಸುತ್ತಿದ್ದರು.

ಅಷ್ಟೆಲ್ಲ ಕಲಿತ ನಮ್ಮ ಕೈಯಿಂದಲೂ ಫಜೀತಿ ಆಗದೆ ಇರಲಿಲ್ಲ. ಹತ್ತಿರದ ಸೊರಡಿ ಹಳ್ಳಿಯ ಬ್ಯಾಂಡ್ ಪಾರ್ಟಿಗೆ ಕೆಂಪು ಕೋಟು, ಬಿಳಿ ಪ್ಯಾಂಟು ಹೊಲಿದೆವು. ಕೆಂಪು ಬಟ್ಟೆಯನ್ನು ನೆನೆಸಿ ನೋಡಲು ಪುರುಸೊತ್ತು ಸಿಗಲಿಲ್ಲ. ನಮ್ಮ ಕಡೆ ಬೇಕೆಂದಾಗ ಬಾರದ ಮಳೆ ಸರಿಯಾಗಿ ಅವರ ಮೊದಲ ವರಾತಿಗೇ ಬಂತು. ಕೋಟಿನ ಬಣ್ಣವೆಲ್ಲ ಪ್ಯಾಂಟಿಗಿಳಿದು, ಬ್ಯಾಂಡಿನವರು ಯಾರನ್ನೋ ಕಡಿದು ಬಂದವರಂತೆ ಮದುವೆ ಮನೆಗೆ ಹೊಕ್ಕರು. ಬೀಗರ ಕಡೆಯ ಮುದುಕಿಯೊಬ್ಬಳು ಚೀರಿದಳಂತೆ. ಮರುದಿನ ಇಡೀ ಪಾರ್ಟಿ ಅಂಗಡಿಯ ಮುಂದೆ ನಿಂತಾಗ ಮಾಸ್ತರರು ಪ್ಯಾಂಟುಗಳನ್ನು ತಿರುಗಿಸಿ ನೋಡಿ, "ಗುಲಾಬಿ ಬಣ್ಣ ಚಲೋ ಹಿಡದೈತಿ" ಎಂದರು. ಬಟ್ಟೆ ನೆನೆಸದೆ ಕತ್ತರಿ ಹಾಕಬೇಡಿ ಎಂದು ನಾನು ಬಯ್ಯುವುದು ಇದಕ್ಕೇ.

ಆಮೇಲೆ ಕಾಲ ಬದಲಾಯಿತು. ಗಾಡಿಯ ಮೇಲೆ ಗೋಡೆಯಂಥ ಸ್ಪೀಕರ್ ಹೇರಿಕೊಂಡು ಡಿಜೆಯವರು ಬಂದರು, ಬ್ಯಾಂಡಿನ ಕೋಟುಗಳು ಬಹುತೇಕ ಟ್ರಂಕು ಸೇರಿದವು. ಕಾಲಿನಿಂದ ತುಳಿಯುವ ಮಶೀನಿಗೆ ಮೋಟಾರು ಬಂತು. ಮಾಸ್ತರರು ತೀರಿಕೊಂಡರು. ನಾನು ಬ್ಲೌಸು, ಸೀರೆಯ ಪಿಕೋ, ಫಾಲ್ ಹೊಲಿಯುತ್ತ ಕುಳಿತೆ. ಬ್ಯಾಂಡಿಗೆಂದು ತಂದಿದ್ದ ಬಿಳಿ ದೋರಿಯ ಹುರಿ, ಬಿಳಿ ಮಣಿ ಡಬ್ಬಿಗಟ್ಟಲೆ ಉಳಿದಿದ್ದವು. ಎಸೆಯಲು ಮನಸ್ಸು ಬರಲಿಲ್ಲ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಕಸುಬೇ ಬೇಜಾರಾಗಿತ್ತು.

ಅಂಥದರಲ್ಲಿ ಒಂದು ದಿನ ಸೊರಡಿಯ ಭಾಗ್ಯಾ ಬಂದಳು. ಕುರಿ ಕಾಯುವ ಮನೆತನದ ಹುಡುಗಿ, ಸಾಂಗಲಿಯಲ್ಲಿ ಕಾಲೇಜು ಕಲಿತವಳು. ಕಣ್ಣಿನ ಸುತ್ತ ಕಾಡಿಗೆ ಇಷ್ಟು ದಪ್ಪ. ಕೈಯಲ್ಲಿ ಮೊಬೈಲು ಹಿಡಿದು ಒಂದು ಫೋಟೋ ತೋರಿಸಿದಳು: ಕರಿ ಜಾಕೀಟು, ಎದೆಯ ತುಂಬ ಬಿಳಿ ಪಕ್ಕೆಲುಬು.

"ಎಲುಬು ಮೈಯೊಳಗ ಅದಾವಲ್ಲವಾ, ಮ್ಯಾಲ್ಯಾಕ ಬೇಕು?" ಎಂದೆ.

"ಒಳಗಿಂದು ಹೊರಗ ಕಾಣಲಿ ಅಂತ, ಕಾಕು."

ಹಾಸ್ಟೆಲಿನಲ್ಲಿ ಗೆಳತಿಯ ಮೊಬೈಲಿನಿಂದ ಅವಳಿಗೆ ಆ ಸಂಗೀತದ ಹುಚ್ಚು ಹತ್ತಿತ್ತು. ಗಾಥ್ ರಾಕ್ ಎನ್ನುತ್ತಾರಂತೆ. ಇಂಗ್ಲೆಂಡಿನ ಕಡೆ ಹುಟ್ಟಿದ್ದು. ಕರಿ ಬಟ್ಟೆ, ಗುಡುಗುವ ಬೇಸ್ ಗಿಟಾರು, ಬಾವಿಯೊಳಗಿಂದ ಬಂದಂಥ ದನಿ, ಹಾಡೆಲ್ಲ ಸಾವಿನ ಮೇಲೆ, ಒಂಟಿತನದ ಮೇಲೆ. ಊರಿಗೆ ಬಂದು ಇವಳೂ ಒಂದು ತಂಡ ಕಟ್ಟಿದ್ದಳು. ಇವಳು ಬೇಸ್ ಗಿಟಾರು ಹಿಡಿದು ಹಾಡುವುದು, ಕಾಕನ ಮಗ ಮಾಳಪ್ಪ ಡ್ರಮ್ಮಿನ ಜೊತೆ ಮನೆಯ ಡೊಳ್ಳು ಬಾರಿಸುವುದು, ಇನ್ನೊಬ್ಬ ಹುಡುಗ ಕೀಬೋರ್ಡಿಗೆ. ತಂಡದ ಹೆಸರು 'ಕರಿಕಂಬಳಿ'.

ಎಲುಬನ್ನು ಪ್ರಿಂಟ್ ಮಾಡಿಸುತ್ತೇನೆ ಎಂದಳು. ನಾಲ್ಕು ಸಲ ಒಗೆದರೆ ಪ್ರಿಂಟು ಒಡೆದು ಸುಣ್ಣದ ಗೋಡೆಯಾಗುತ್ತದೆ ಎಂದು ಬಯ್ದು, ಡಬ್ಬಿ ತೆಗೆದು ಬಿಳಿ ದೋರಿ, ಬಿಳಿ ಮಣಿ ಮುಂದೆ ಸುರಿದೆ. ಅವಳ ಕಣ್ಣು ಅರಳಿದವು. "ಮೊದಲ ಅಳತಿ" ಎಂದು ಎದ್ದೆ. "ಹಾಡು."

"ಇಲ್ಲೇನ್ರಿ?"

"ಮತ್ತೆಲ್ಲಿ? ಹಾಡೋರ ಅಳತಿ ಹಾಡುವಾಗ ತಗೋಬೇಕು."

ನಾನು ಎದೆಗೆ ಟೇಪು ಸುತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿ ಸುರು ಮಾಡಿದಳು:

ಬಾಗಲಾಗ ಯಾಕ ನಿಂತಿ, ಒಳಗ ಬಾರೊ ಸಾವಪ್ಪ,
ದೂರಿಂದ ನಡದು ದಣದೀದಿ, ಚಾ ಕುಡದು ಹೋಗಪ್ಪ.
ನಮ್ಮಪ್ಪ ಇನ್ನಾ ಮಲಗ್ಯಾನ, ಅಲ್ಲೀತನಕ ಕುಂದರಪ್ಪ.

ಟೇಪು ನನ್ನ ಬೆರಳಿಂದ ಜಾರಿತು. ಅಷ್ಟು ಉಸಿರು ಆ ಸಣ್ಣ ಎದೆಯಲ್ಲಿ ಎಲ್ಲಿತ್ತೋ! ಅವಳ ತಂದೆ ಬೀರಪ್ಪ ಹಾಸಿಗೆ ಹಿಡಿದು ತೀರಿಕೊಂಡಿದ್ದನ್ನು ಇಡೀ ಸೊರಡಿ ಬಲ್ಲದು. ಆತನ ಕಾಲ ಬಳಿ ಕುಳಿತ ದಿನಗಳಲ್ಲಿ ಹುಟ್ಟಿದ ಹಾಡು ಅದು. ನನಗೆ ಅಳು ಬಂತು. ಅಳುತ್ತಲೇ ಅಳತೆ ಬರೆದುಕೊಂಡೆ, ಮಾಸ್ತರರು ಇದ್ದಿದ್ದರೆ "ಬಟ್ಟಿ ಮ್ಯಾಲ ನೀರ ಬೀಳಸಬ್ಯಾಡ" ಎನ್ನುತ್ತಿದ್ದರು ಅಂತಲೂ ಅನ್ನಿಸಿತು.

ಜಾಕೀಟುಗಳು ಚೆನ್ನಾಗಿ ಬಂದವು. ಆದರೆ ಮೊದಲ ಕಾರ್ಯಕ್ರಮ ಪೂರಾ ಎಕ್ಕುಟ್ಟಿಹೋಯಿತು. ಅಸಂಗಿ ಊರಿನ ಗೆಳೆಯನೊಬ್ಬ ತನ್ನ ಮದುವೆಗೆ ಇವರನ್ನು ಕರೆಸಿದ್ದ. ಮೂವರೂ ಎಲುಬು ತೊಟ್ಟು ಕಾಡಿಗೆ ಬಳಿದು ಮಾಂಡವದ ಚಪ್ಪರದೊಳಗೆ ನಿಂತದ್ದೇ ತಡ, ಹೆಣ್ಣುಮಕ್ಕಳು ಮಕ್ಕಳನ್ನು ಎತ್ತಿಕೊಂಡು ಎದ್ದರು. ಮದುಮಗನ ದೊಡ್ಡಪ್ಪ ತಲೆಯ ಪಟಗ ಸರಿಮಾಡಿಕೊಳ್ಳುತ್ತ ಬಂದು, "ಇದು ಮದವಿಯೋ ಮಸಣೋ?" ಎಂದು ಗುಡುಗಿ ಜನರೇಟರ್ ಬಂದ್ ಮಾಡಿಸಿದ. ಹಾಡು ಎರಡನೇ ಸಾಲಿಗೇ ನಿಂತಿತು. ಮದುವೆ ಮನೆಯಲ್ಲಿ ಕರಿ ಬಟ್ಟೆ, ಅದೂ ಸಾವಿನ ಹಾಡು! ಆ ದೊಡ್ಡಪ್ಪನನ್ನು ನಾನು ಪೂರ್ತಿ ಬಯ್ಯಲಾರೆ, ಅರ್ಧ ಬಯ್ಯುತ್ತೇನೆ.

ಮಾತು ಸೊರಡಿಗೆ ಮುಟ್ಟಿತು. ಭಾಗ್ಯಾಳ ತಾಯಿ ಹೊನ್ನವ್ವ ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೇ ಬಂದಳು. ಗಂಡ ಹೋದ ಮೇಲೆ ಆ ಹೆಂಗಸು ಮಾತನ್ನೇ ಕಡಿಮೆ ಮಾಡಿದ್ದಳು. ಆ ದಿನ ಮಾತ್ರ ನಿಂತೇ ಮಾತಾಡಿದಳು.

"ಮನ್ಯಾಗಿನ ಸಾವು ಮೈಕಿನಾಗ ಯಾಕ ಹೇಳಬೇಕ್ರಿ ಅಕ್ಕಾರ? ಮಂದಿ ನಗ್ತಾರ. ಇಕಿ ಅಪ್ಪನ್ನ ನಕ್ಕಂಗ ಆಕ್ಕೈತಿ ನನಗ."

ಭಾಗ್ಯಾ, "ಒಮ್ಮೆ ಪೂರಾ ಕೇಳಿದ್ರ ಯಾರೂ ನಗೂದಿಲ್ಲ, ಅವ್ವಾ" ಎಂದಳು.

"ಹಂಗಾರ ಒಮ್ಮೆ ಹಾಡು. ನಮ್ಮ ಮಂದಿ ಮುಂದ, ಒಂದ ಸಲ. ಕಡೀತನಕ ಕೇಳಿದ್ರ ನಾ ಅಡ್ಡ ಬರೂದಿಲ್ಲ. ಎದ್ದು ಹೋದ್ರ ಆ ಗಿಟಾರ ಗಂಟು ಕಟ್ಟಿ ಮ್ಯಾಲಿಡೂದು. ನಿಮ್ಮಪ್ಪನ ಹೆಸರ ಮ್ಯಾಲ ಮಾತು ಕೊಡು."

ಹುಡುಗಿ ತಾಯಿಯ ಕೈ ಮುಟ್ಟಿ ಮಾತು ಕೊಟ್ಟಳು. ಆದರೆ ಹಾಡಲು ಯಾರು ಕರೆಯುತ್ತಾರೆ? ಮದುವೆಗೆ ಬೇಡ, ಬಸುರಿಯ ಕುಬಸಕ್ಕೆ ಬೇಡ, ತೊಟ್ಟಿಲಿಗೆ ಬೇಡ. ಜಾಕೀಟುಗಳನ್ನು ಅಂಗಡಿಯಲ್ಲೇ ಬಿಟ್ಟು ಹೋದಳು. ಮೂರನ್ನೂ ಗೋಡೆಗೆ ತೂಗುಹಾಕಿದೆ. ದಿನಾ ಅವುಗಳ ಎದುರಿಗೇ ಕೂತು ಬ್ಲೌಸು ಹೊಲಿದೆ.

ಈಗ ಸಂಕ್ರಾಂತಿಯ ಮಾತಿಗೆ ಬರುತ್ತೇನೆ. ನಮ್ಮ ಈ ಸೀಮೆಯಲ್ಲಿ ವರ್ಷವೆಲ್ಲ ಕರಿ ಬಟ್ಟೆ ಎಂದರೆ ಮೂಗು ಮುರಿಯುವ ಹೆಣ್ಣುಮಕ್ಕಳು ಸಂಕ್ರಾಂತಿಗೆ ಮಾತ್ರ ಹುಡುಕಿ ಹುಡುಕಿ ಕರಿ ಸೀರೆಯನ್ನೇ ಉಡುತ್ತಾರೆ. ಹೊಸ ಸೊಸೆಗೆ ಕರಿ ಚಂದ್ರಕಾಳಿ ಸೀರೆ ಉಡಿಸಿ, ಸಕ್ಕರೆ ಪಾಕ ಹಿಡಿಸಿದ ಬಿಳಿ ಕುಸರೆಳ್ಳನ್ನು ದಾರಕ್ಕೆ ಪೋಣಿಸಿ ಮಾಡಿದ ಹಾರ, ತೋಳಬಂದಿ, ನಡುಪಟ್ಟಿ ಹಾಕಿ ಅರಿಷಿಣ ಕುಂಕುಮಕ್ಕೆ ಕೂಡಿಸುತ್ತಾರೆ. ಕರಿಯ ಮೇಲೆ ಬಿಳಿ ದಾಗಿನ, ನೋಡಲು ಬಲು ಚೆಂದ. ಆ ಹೊತ್ತಿಗೆ ನನ್ನ ಅಂಗಡಿಯಲ್ಲಿ ಕರಿ ಬ್ಲೌಸಿನ ರಾಶಿ.

ಊರ ಮಹಿಳಾ ಮಂಡಳದ ಅಧ್ಯಕ್ಷೆ ಪಾಟೀಲ ವೈನಿ ತಮ್ಮ ಬ್ಲೌಸಿನ ಅಳತೆ ಕೊಡಲು ಬಂದರು. ದೊಡ್ಡ ದನಿ, ದೊಡ್ಡ ಕುಂಕುಮ, ಕನ್ನಡಕ ಪರ್ಸಿನೊಳಗೆ. ನಾನು ಬೆನ್ನಿನ ಹೊಲಿಗೆ ಗುರುತು ಮಾಡುತ್ತಿದ್ದೆ, ಬಾಯಲ್ಲಿ ಸಾಲಾಗಿ ಟಾಚಣಿ ಪಿನ್ನು ಕಚ್ಚಿಕೊಂಡಿದ್ದೆ. ವೈನಿಯ ಕಣ್ಣು ಗೋಡೆಯ ಮೇಲೆ ಬಿತ್ತು.

"ಅಯ್ಯ ಶಿವನ! ಎಷ್ಟ ಚಂದ ಕುಸರೆಳ್ಳಿನ ದಾಗಿನಿ ಹೊಲದೀರಿ ಕಸ್ತೂರಕ್ಕ! ಜಾಕೀಟಿಗೇ ಕೂಡಿಸಿಬಿಟ್ಟೀರಲ್ಲ! ಯಾರದ್ರಿ?"

ಬಾಯಲ್ಲಿ ಟಾಚಣಿ. "ಹಾಡೋರದು" ಎಂದಷ್ಟೇ ಹಲ್ಲು ಕಚ್ಚಿಕೊಂಡು ಹೇಳಲಾಯಿತು.

"ಸಂಕ್ರಾಂತಿ ಹಾಡಿನವರೇನು? ಹೆಣ್ಣಮಕ್ಕಳೂ ಅದಾರೇನು? ಹಂಗಾರ ಈ ಸಲ ಮಂಗಲ ಕಾರ್ಯಾಲಯದಾಗ ನಮ್ಮ ಅರಿಷಿಣ ಕುಂಕುಮದ ಕಾರ್ಯಕ್ರಮಕ್ಕ ಇವರನ್ನ ಕಳಸ್ರಿ. ಪ್ರತಿವರ್ಷ ಅದ ಅದ ಭಜನಿ ಕೇಳಿ ಸಾಕಾಗೇತಿ."

ಟಾಚಣಿಯನ್ನು ಒಂದೊಂದಾಗಿ ತೆಗೆದು ಗುರುತಿಗೆ ಚುಚ್ಚುತ್ತ ಹೋದೆ. ಕೊನೆಯದನ್ನು ತೆಗೆಯುವಷ್ಟರಲ್ಲಿ ವೈನಿ ತಾರೀಖು, ಹೊತ್ತು ಎಲ್ಲ ಹೇಳಿ ಮುಗಿಸಿದ್ದರು. ಅವು ಎಲುಬು ಎಂದು ನಾನು ಹೇಳಬೇಕಿತ್ತೆ? ನನ್ನನ್ನು ಯಾರೂ ಕೇಳಲಿಲ್ಲ. ಇಂದಿಗೂ ನನಗೆ ಅದರ ಬಗ್ಗೆ ಒಂದಿಷ್ಟೂ ಬೇಸರವಿಲ್ಲ, ಇನ್ನೊಮ್ಮೆ ಬಂದರೂ ಟಾಚಣಿ ಕಚ್ಚಿಕೊಂಡೇ ಇರುತ್ತೇನೆ.

ಭಾಗ್ಯಾಳಿಗೆ ಸುದ್ದಿ ಮುಟ್ಟಿಸಿದೆ. ಹೊನ್ನವ್ವ ಬಂದು, "ಅರಿಷಿಣ ಕುಂಕುಮಕ್ಕ ನಾ ಬರೂ ಹಂಗಿಲ್ಲ, ನಮ್ಮಂಥವರನ್ನ ಕರಿಯೂದಿಲ್ಲ. ನೀವ ನೋಡಿ ಬಂದು ಹೇಳ್ರಿ ಅಕ್ಕಾರ. ಆದದ್ದು ಆದಂಗ ಹೇಳ್ರಿ, ಇಕಿ ಮಾರಿ ನೋಡಿ ಸುಳ್ಳು ಕೂಡಿಸಬ್ಯಾಡ್ರಿ" ಎಂದಳು. ಹೀಗೆ ಆ ಹುಡುಗಿಯ ಹಾಡಿನ ಅಳತೆ ತೆಗೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಕಾರ್ಯಕ್ರಮದ ದಿನ ಸಂಜೆ ಮದುವೆ ಛತ್ರವಾದ ಮಂಗಲ ಕಾರ್ಯಾಲಯದೊಳಗೆ ಕಾಲಿಟ್ಟೆ. ಬಾಗಿಲಿನಿಂದ ವೇದಿಕೆಯ ತನಕ ಬರೀ ಕರಿ ಸೀರೆ! ಕುರ್ಚಿ ಕುರ್ಚಿಗೂ ಕರಿ, ಕೊರಳಲ್ಲಿ ಬಿಳಿ ಕುಸರೆಳ್ಳು, ಕಣ್ಣಿಗೆ ಕಾಡಿಗೆ. ವೇದಿಕೆಯ ಮೇಲೆ ಪರದೆ ಸರಿದರೆ ಅಲ್ಲೂ ಮೂರು ಜನ ಕರಿಯಲ್ಲಿ, ಬಿಳಿ ಎಲುಬಿನಲ್ಲಿ, ಕಾಡಿಗೆಯಲ್ಲಿ. ಭಾಗ್ಯಾ ಮಂದಿಯನ್ನು ನೋಡಿ ಬಾಯಿ ತೆರೆದು ನಿಂತುಬಿಟ್ಟಳು. ಜಗತ್ತಿನಲ್ಲಿ ಯಾವ ಗಾಥ್ ತಂಡಕ್ಕೂ ಇಂಥ ಸಭೆ ಸಿಕ್ಕಿರಲಿಕ್ಕಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಆಯಿ ಕಣ್ಣು ಕಿರಿದು ಮಾಡಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಇವು ಕುಸರೆಳ್ಳಲ್ಲ ನನ್ನವ್ವ, ಎಲುಬು!"

ಪಾಟೀಲ ವೈನಿ ಪರ್ಸು ತೆರೆದು ಕನ್ನಡಕ ಹಾಕಿಕೊಂಡರು, ವೇದಿಕೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಸೀರೆಯ ಅಂಚಿನ ಫಾಲ್ ಸರಿಯಾಗಿದೆಯೇ ಎಂದು ನೋಡತೊಡಗಿದೆ.

ಭಾಗ್ಯಾ ಮೈಕಿಗೆ ಬಾಯಿ ಹಚ್ಚಿ, "ಹೌದ್ರಿ ಆಯಿ, ಎಲುಬ ಇವು. ನಿಮ್ಮಲ್ಲಿ ಇಲ್ಲೇನ್ರಿ?" ಎಂದಳು.

"ಅದಾವಲ್ಲ ನನ್ನ ಮಗಳ, ಮೊಣಕಾಲಾಗಿನೂ ಭಾಳ ನೋಯ್ತಾವ!"

ಇಡೀ ಕಾರ್ಯಾಲಯ ನಕ್ಕಿತು, ವೈನಿಯೂ ನಕ್ಕರು. ಆ ನಗೆ ಇಳಿಯುವ ಮೊದಲೇ ಬೇಸ್ ಗಿಟಾರು ಗುಂಯ್ ಎಂದಿತು. ಎರಡು ಹಾಡು ಹೋದವು, ಹೆಂಗಸರು ಕತ್ತು ವಾಲಿಸಿ ಕೇಳಿದರು. ಕೊನೆಗೆ ಅದೇ ಹಾಡು ಬಂತು. ಬಾಗಲಾಗ ಯಾಕ ನಿಂತಿ. ಅಲ್ಲಿ ಕೂತವರಲ್ಲಿ ಅತ್ತೆಯನ್ನೋ ಅಪ್ಪನನ್ನೋ ಹಾಸಿಗೆಯ ಬದಿಗೆ ಕೂತು ಕಳಿಸಿಕೊಡದವರು ಯಾರಿದ್ದರು? ಬಾಗಿಲಲ್ಲಿ ನಿಂತವನನ್ನು ಎಲ್ಲರೂ ಕಂಡವರೇ, ಚಹಾಕ್ಕೆ ಕರೆಯಲು ಮಾತ್ರ ಯಾರಿಗೂ ಧೈರ್ಯ ಬಂದಿರಲಿಲ್ಲ. ಮೊಣಕಾಲಿನ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡನೇ ಸಲಕ್ಕೆ 'ಚಾ ಕುಡದು ಹೋಗಪ್ಪ' ಎಂದು ಹಿಂದಿನ ಸಾಲಿನಿಂದ ದನಿ ಕೂಡಿತು, ಮೂರನೇ ಸಲಕ್ಕೆ ಇಡೀ ಸಭೆ ಹಾಡಿತು.

ಆಗ ಮಾಳಪ್ಪ ಡ್ರಮ್ಮಿನ ಕೋಲು ಬಿಟ್ಟು ಡೊಳ್ಳು ಎತ್ತಿಕೊಂಡ. ಪೆಟ್ಟು ಬಿದ್ದದ್ದೇ ಮುಂದಿನ ಸಾಲು ಎದ್ದಿತು. ಅದರ ಹಿಂದಿನದೂ ಎದ್ದಿತು. ಕುರ್ಚಿಗಳು ಕಿರ್ ಎಂದು ಹಿಂದೆ ಸರಿದವು. ನಾನು ದಾನಮ್ಮ ದೇವಿಯ ಹೆಸರು ಹೇಳಿ ಕಣ್ಣು ಮುಚ್ಚಿಕೊಂಡೆ. ಎದ್ದು ಹೋದರು, ಆಯಿತು ಹುಡುಗಿಯ ಕಥೆ ಎಂದುಕೊಂಡೆ. ಕಣ್ಣು ತೆರೆದು ನೋಡಿದರೆ ಒಬ್ಬರೂ ಬಾಗಿಲ ಕಡೆ ಹೋಗಿರಲಿಲ್ಲ. ಪಾಟೀಲ ವೈನಿ ಆ ಆಯಿಯ ಕೈ ಕತ್ತರಿ ಹಾಕಿ ಹಿಡಿದು ಫುಗಡಿ ತಿರುಗುತ್ತಿದ್ದರು! ಸುತ್ತಲೂ ಜೋಡಿ ಜೋಡಿಯಾಗಿ ಕರಿ ಸೀರೆಗಳು ತಿರುಗುತ್ತಿದ್ದವು, ಕುಸರೆಳ್ಳು ಹಾರಿ ನೆಲಕ್ಕೆ ಉದುರುತ್ತಿತ್ತು. ನನ್ನನ್ನೂ ಯಾರೋ ಎಳೆದರು, ನಾನೂ ತಿರುಗಿದೆ. ಮರುದಿನ ಸೊಂಟ ಹಿಡಿಯಿತು, ಹಿಡಿಯಲಿ ಬಿಡಿ.

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಹೊನ್ನವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಮಗಳ ಬಾಯಿಂದ ಒಂದು ಮಾತೂ ಕೇಳದೆ ಮೊದಲ ಬಸ್ಸಿಗೆ ಬಂದಿದ್ದಳು.

"ಹೇಳ್ರಿ ಅಕ್ಕಾರ. ಎದ್ರೇನು?"

ಸುಳ್ಳು ಹೇಳಬಾರದು ಎಂದಿದ್ದಳಲ್ಲ. "ಎದ್ರು" ಎಂದೆ.

ಅವಳ ಮುಖ ಇಳಿಯಿತು. "ಎಲ್ಲಾರೂ?"

"ಎಲ್ಲಾರೂ. ಎದ್ದು ಫುಗಡಿ ಆಡಿದ್ರು. ನಿನ್ನ ಗಂಡನ ಹಾಡಿಗಿ ಅತ್ತರು, ಹಾಡಿದ್ರು, ಆಮ್ಯಾಲ ಕುಣದ್ರು. ಒಬ್ಬಾಕಿನೂ ಮನಿಗಿ ಹೋಗಲಿಲ್ಲವಾ. ಆ ಹಾಡಿಗಿ ಒಬ್ಬಾಕಿನೂ ನಗಲಿಲ್ಲ."

ಹೊನ್ನವ್ವ ಎದ್ದು ಒಳಗೆ ಬಂದು ಕೈ ಅಗಲಿಸಿ ನಿಂತಳು.

"ನನಗೂ ಒಂದ ಹೊಲೀರಿ."

"ಏನು?"

"ಜಾಕೀಟ. ಎಲುಬು ಮಾತ್ರ ದೊಡ್ಡೂ ಇರಲಿ. ಆಕಿ ಮ್ಯಾಲ ನಿಂತು ನೋಡಿದ್ರ, ಅಷ್ಟು ಮಂದ್ಯಾಗ ಅವ್ವ ಎಲ್ಲಿ ಕುಂತಾಳ ಅಂತ ಕಾಣಬೇಕು."

ನಾನು ಟೇಪು ತೆಗೆದುಕೊಂಡೆ. ಅಂಗಡಿ ಬಿಡುವ ಮೊದಲು ನಾನು ಕೈಯಾರೆ ಮಣಿ ಕೂಡಿಸಿ ಹೊಲಿದ ಕೊನೆಯ ಬಟ್ಟೆ ಅದು. ಡಬ್ಬಿಯಲ್ಲಿದ್ದ ಬಿಳಿ ಮಣಿಯೆಲ್ಲ ಅದಕ್ಕೇ ಖರ್ಚಾಯಿತು.

ಫುಗಡಿಯ ವಿಡಿಯೋ ಒಬ್ಬರ ಮೊಬೈಲಿನಿಂದ ಇನ್ನೊಬ್ಬರದಕ್ಕೆ ಹೋಗಿ, ಹಾಡು ಊರೂರು ತಿರುಗಿತು. ಮುಂದಿನ ಮದುವೆಯ ಸೀಜನ್ನಿಗೆ ಅಂಗಡಿಗೆ ಒಬ್ಬ ಗಿರಾಕಿ ಬಂದ. ಪಟಗ ನೋಡಿಯೇ ಗುರುತು ಹಿಡಿದೆ. ಅಸಂಗಿಯ ಆ ದೊಡ್ಡಪ್ಪ.

"ಆ ಚಾ ಕುಡದು ಹೋಗಪ್ಪ ಅನ್ನೂ ಹುಡುಗಿ ಎಲ್ಲಿ ಸಿಗ್ತಾಳ್ರಿ? ನನ್ನ ಮಗಳು ಹಟ ಹಿಡದಾಳ."

"ಮದವಿಗೇನ್ರಿ, ಮಸಣಕ್ಕೇನ್ರಿ?" ಎಂದೆ. ಇಷ್ಟು ದಿನ ಕಾದಿಟ್ಟಿದ್ದೆ ಆ ಮಾತನ್ನು.

ಆತ ಪಟಗ ಸರಿಮಾಡಿಕೊಂಡು ನಕ್ಕ. "ಮದವಿಗಿರಿ. ಲಗೂನ ಹೇಳ್ರಿ, ಬ್ಯಾರೇದವರು ಬುಕ್ ಮಾಡಿಬಿಟ್ಟಾರು."

ಅದೇ ಅಸಂಗಿ, ಅದೇ ಜನರೇಟರು. ಈ ಸಲ ದೊಡ್ಡಪ್ಪನೇ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ. ಮುಂದಿನ ಸಾಲಿನ ನಡುವೆ ಹೊನ್ನವ್ವ, ಸೀರೆಯ ಮೇಲೆ ಕರಿ ಜಾಕೀಟು, ಎದೆಯ ತುಂಬ ಕಟ್ಟಿಗೆಯಷ್ಟು ದಪ್ಪ ಬಿಳಿ ಎಲುಬು. ಮದುವೆಗೆ ಬಂದ ವಿಧವೆಯನ್ನು ಹಿಂದೆ ಸರಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಬಂದಿದ್ದರೆ ನಾನು ಪಕ್ಕದಲ್ಲೇ ಇದ್ದೆ.

ಭಾಗ್ಯಾ ವೇದಿಕೆ ಹತ್ತಿ ಮೊದಲ ಸಾಲು ಎತ್ತಿದಳು, ತಾಯಿಯನ್ನು ಕಂಡಳು, ಹಾಡು ಬಿಟ್ಟು ನಿಂತಳು. ಗಿಟಾರು ಒಂದೇ ಗುಂಯ್ ಎನ್ನುತ್ತಿತ್ತು. ಮಾಂಡವವೆಲ್ಲ ಕಾಯುತ್ತಿತ್ತು.

ಹೊನ್ನವ್ವ ಎದ್ದು ನಿಂತು, ಮಂದಿಯೆಲ್ಲ ತಿರುಗಿ ನೋಡುವಂತೆ ಕೂಗಿದಳು. "ಯಾಕ ನಿಂತಿ? ಹಾಡು!"